ಕರೆಂಟಿನ ಕಡಗೋಲು: ಕೇಕಿಗೆ ಹ್ಯಾಂಡ್ ಮಿಕ್ಸರ್ ಮಾಡುವ ಕೆಲಸವೇನು?

ಹ್ಯಾಂಡ್ ಮಿಕ್ಸರ್ ಬಂದ ದಿನ ನಾನು ಮಾಡಿದ ಕೇಕನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಮೈದಾ, ಬೆಣ್ಣೆ, ಕೇಕ್ ಟಿನ್ನು ಎಲ್ಲ ಹೊತ್ತು ತಂದಿದ್ದೆ. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ, ಹಾಲು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದೆ. ಮಿಕ್ಸರನ್ನು ಐದನೇ ನಂಬರಿಗೆ ಇಟ್ಟು ಆರೇಳು ನಿಮಿಷ ಓಡಿಸಿದೆ. ಯಂತ್ರ ಇದೆಯಲ್ಲ, ಓಡಿಸಿದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ. ಹಿಟ್ಟೇನೋ ನುಣ್ಣಗೆ ಹೊಳೆಯುತ್ತಿತ್ತು. ಓವನ್ನಿನಿಂದ ಹೊರಗೆ ಬಂದದ್ದು ಮಾತ್ರ ಎರಡು ಬೆರಳು ದಪ್ಪದ ಹಲಗೆ. ಕೊಯ್ದರೆ ಒಳಗೆ ರಬ್ಬರಿನ ಹಾಗೆ ಜಗ್ಗುತ್ತಿತ್ತು.

ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದರು. "ಕಾಫಿಗೆ ಅದ್ದಿಕೊಂಡ್ರೆ ಚೆನ್ನಾಗಿರತ್ತೆ ಕಣೆ" ಅಂದರು. ಆಮೇಲೆ ಮಿಕ್ಸರನ್ನು ಕೈಗೆತ್ತಿಕೊಂಡು, ಅದರ ಎರಡು ಕೋಲುಗಳನ್ನು ತಿರುವಿ ನೋಡಿ, "ಇದು ಕರೆಂಟಿನ ಕಡಗೋಲು ಅಲ್ವಾ? ಕಡಗೋಲಲ್ಲಿ ಯಾರಾದ್ರೂ ಹಿಟ್ಟು ಕಲಸ್ತಾರಾ?" ಅಂತ ಕೇಳಿದರು.

ಆವತ್ತು ನಕ್ಕುಬಿಟ್ಟೆ. ಡಬ್ಬದ ಮೇಲಿನ ಬರಹವೂ ಹೇಳದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದಾರೆ ಅಂತ ಗೊತ್ತಾಗಲು ನನಗೆ ಇನ್ನೂ ನಾಲ್ಕೈದು ಕೇಕು ಹಾಳಾಗಬೇಕಾಯಿತು.

ಹೆಸರೇ ನಮ್ಮ ದಾರಿ ತಪ್ಪಿಸುತ್ತದೆ. ಮಿಕ್ಸರ್ ಅಂದರೆ ಬೆರೆಸುವುದು ಅಂತ ಅಂದುಕೊಳ್ಳುತ್ತೇವೆ. ಬೆರೆಸುವುದಕ್ಕೆ ಸೌಟು ಸಾಕು, ಕೈ ಸಾಕು. ಈ ಯಂತ್ರ ಇರುವುದು ಗಾಳಿ ತುಂಬುವುದಕ್ಕೆ. ಬೆಣ್ಣೆಯಲ್ಲಿ, ಮೊಟ್ಟೆಯಲ್ಲಿ, ಕ್ರೀಮಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಸಾವಿರ ಸಾವಿರ ಕೂಡಿಹಾಕುವುದೇ ಅದರ ಕಸುಬು. ನಮ್ಮ ಅಡುಗೆಮನೆಗೆ ಇದೇನೂ ಹೊಸ ವಿಷಯವಲ್ಲ. ಉದ್ದಿನ ವಡೆಗೆ ರುಬ್ಬಿದ ಹಿಟ್ಟನ್ನು ಕೈಯಲ್ಲಿ ಚೆನ್ನಾಗಿ ಬಡಿದು, ಒಂದು ಚೂರನ್ನು ನೀರಿಗೆ ಹಾಕಿ ನೋಡುತ್ತೇವೆ. ತೇಲಿದರೆ ವಡೆ ಹಗುರ, ಮುಳುಗಿದರೆ ಇನ್ನಷ್ಟು ಬಡಿಯಬೇಕು. ತೇಲಿಸುವುದು ಹಿಟ್ಟಿನೊಳಗಿನ ಗಾಳಿ. ಕೇಕಿನ ಗುಟ್ಟೂ ಅಷ್ಟೇ.

ಇದನ್ನು ಮಿಕ್ಸಿ ಜೊತೆ ಗೊಂದಲ ಮಾಡಿಕೊಳ್ಳಬಾರದು. ಚಟ್ನಿ ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ, ಸಿಕ್ಕಿದ್ದನ್ನು ಕತ್ತರಿಸುತ್ತದೆ, ಬಿಸಿಯನ್ನೂ ಮಾಡುತ್ತದೆ. ಹ್ಯಾಂಡ್ ಮಿಕ್ಸರಿನ ಕೋಲುಗಳಿಗೆ ಅಲಗೇ ಇಲ್ಲ, ವೇಗವೂ ಅದಕ್ಕಿಂತ ಎಷ್ಟೋ ಕಡಿಮೆ. ಮಿಕ್ಸಿ ಜಾರಿನಲ್ಲಿ ಮೊಟ್ಟೆಯ ಬಿಳಿಯನ್ನು ತಿರುಗಿಸಿದರೆ ತೆಳ್ಳಗಿನ ನೊರೆ ನೀರು ಸಿಗಬಹುದು, ಗಟ್ಟಿ ನಿಲ್ಲುವ ನೊರೆ ಸಿಗುವುದಿಲ್ಲ.

ಕಡಗೋಲು ನೋಡಿದವರಿಗೆ ಈ ಯಂತ್ರ ಅರ್ಥವಾಗುವುದು ಸುಲಭ. ಹಗ್ಗ ಸುತ್ತಿ ಎಳೆದರೆ ಕಡಗೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಒಂದೇ ಕಡೆಗೆ ತಿರುಗುತ್ತಿದ್ದರೆ ಮೊಸರೂ ಅದರ ಜೊತೆಗೇ ಸುತ್ತುತ್ತಾ ಕೂರುತ್ತಿತ್ತು. ಹ್ಯಾಂಡ್ ಮಿಕ್ಸರಿನಲ್ಲಿ ಇದೇ ಕೆಲಸವನ್ನು ಎರಡು ಕೋಲು ಹಂಚಿಕೊಂಡಿವೆ: ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ, ಎರಡೂ ಒಟ್ಟೊಟ್ಟಿಗೆ. ನಡುವೆ ಸಿಕ್ಕಿದ್ದು ಎಳೆದಾಟಕ್ಕೆ ಸಿಕ್ಕಿ ಹರಿಯುತ್ತದೆ, ಆ ಹರಿದ ಜಾಗಕ್ಕೆ ಗಾಳಿ ನುಗ್ಗುತ್ತದೆ. ಎದುರುಬದುರು ತಿರುಗುವುದರಿಂದ ಯಂತ್ರ ಕೈಯಲ್ಲಿ ಒಂದೇ ಕಡೆಗೆ ತಿರುಚಿಕೊಳ್ಳುವುದೂ ಇಲ್ಲ. ಮೊಟ್ಟೆಯನ್ನು ಒಂದೇ ದಿಕ್ಕಿಗೆ ಕಲಕಬೇಕು, ದಿಕ್ಕು ಬದಲಾಯಿಸಿದರೆ ಕೆಟ್ಟುಹೋಗುತ್ತದೆ ಅಂತ ಹೇಳುವವರು ನಮ್ಮಲ್ಲಿ ಜಾಸ್ತಿ. ಅವರಿಗೆ ಈ ಎರಡು ಕೋಲನ್ನು ತೋರಿಸಿದರೆ ಸಾಕು. ಇನ್ನೊಂದು ಮಾತು. ಕೆಲವು ಮಿಕ್ಸರುಗಳಲ್ಲಿ ಒಂದು ಕೋಲಿನ ಕುತ್ತಿಗೆಗೆ ಸಣ್ಣ ಬಳೆ ಇರುತ್ತದೆ. ಅದು ಸುಮ್ನೆ ಅಲಂಕಾರಕ್ಕಲ್ಲ, ಆ ಕೋಲು ಯಾವ ತೂತಿಗೆ ಹೋಗಬೇಕು ಅನ್ನುವ ಗುರುತು. ಅದಲುಬದಲಾದರೆ ಕೋಲು ಸರಿಯಾಗಿ ಕೂರುವುದಿಲ್ಲ.

ಈಗ ಬೆಣ್ಣೆ, ಸಕ್ಕರೆ. ಕೇಕಿನ ಅರ್ಧ ಹಣೆಬರಹ ಇಲ್ಲೇ ಬರೆದುಹೋಗುತ್ತದೆ, ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

100 ಗ್ರಾಂ ಬೆಣ್ಣೆ, 100 ಗ್ರಾಂ ಸಕ್ಕರೆ ತೆಗೆದುಕೊಳ್ಳಿ. ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ಮಿಕ್ಸಿಯಲ್ಲಿ ಎರಡು ಸಲ ಗುರ್ರ್ ಅನ್ನಿಸಿದರೆ ಸಣ್ಣ ರವೆಯಷ್ಟಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಪೂರ್ತಿ ಹುಡಿ ಮಾಡಬೇಡಿ. ಇಲ್ಲಿ ಸಕ್ಕರೆ ಬರೀ ಸಿಹಿಗಲ್ಲ. ಅದರ ಚೂಪು ಅಂಚುಗಳು ಬೆಣ್ಣೆಯನ್ನು ಗೀರುತ್ತಾ ಹೋಗುತ್ತವೆ, ಒಂದೊಂದು ಗೀರಿಗೂ ಒಂದಿಷ್ಟು ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ನುಣ್ಣನೆ ಹುಡಿಗೆ ಗೀರುವ ಅಂಚು ಅಷ್ಟಿರುವುದಿಲ್ಲ.

ಮಿಕ್ಸರ್ ಒಂದನೇ ನಂಬರಿನಲ್ಲಿ ಶುರುವಾಗಲಿ, ಇಲ್ಲದಿದ್ದರೆ ಸಕ್ಕರೆ ಗೋಡೆಗೆ ಹಾರುತ್ತದೆ. ಮೊದಲು ಮರಳು ತುಳಿದ ಹಾಗೆ ಕರಕರ ಸದ್ದು. ಬೆಣ್ಣೆ ಕೋಲುಗಳ ಒಳಗೆ ಮುದ್ದೆಯಾಗಿ ಕೂರುತ್ತದೆ, ಕೆಲಸ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ. ನಿಲ್ಲಿಸಿ, ಪಾತ್ರೆಯ ಬದಿಯನ್ನು ಸವರಿ ನಡುವೆ ತಂದು, ಮೂರನೇ ನಂಬರಿಗೆ ಹೋಗಿ. ಎರಡು ನಿಮಿಷದ ಹೊತ್ತಿಗೆ ಸದ್ದು ಮೆತ್ತಗಾಗುತ್ತದೆ. ನಾಲ್ಕು ನಿಮಿಷದ ಹೊತ್ತಿಗೆ ಹಳದಿ ಬಣ್ಣ ಹೋಗಿ ಕೆನೆಯ ಬಣ್ಣ ಬರುತ್ತದೆ. ಬಣ್ಣ ತಿಳಿಯಾಗುವುದು ಒಳಗೆ ಸೇರಿದ ಗುಳ್ಳೆಗಳು ಬೆಳಕನ್ನು ಚೆದುರಿಸುವುದರಿಂದ. ಕೋಲನ್ನು ಎತ್ತಿದರೆ ಬೆಣ್ಣೆ ಹಕ್ಕಿಯ ಗರಿಯ ಹಾಗೆ ಹಗುರಾಗಿ ಅಂಟಿಕೊಂಡಿರುತ್ತದೆ, ಚಮಚದಲ್ಲಿ ತೆಗೆದರೆ ಭಾರವೇ ಇಲ್ಲ ಅನ್ನಿಸುತ್ತದೆ. ಅಲ್ಲಿ ನಿಲ್ಲಿಸಬೇಕು. ಸಕ್ಕರೆ ಪೂರ್ತಿ ಕರಗಿರುವುದಿಲ್ಲ. ಕರಗಬೇಕಾಗಿಯೂ ಇಲ್ಲ.

"ಬೇಕಿಂಗ್ ಪೌಡರ್ ಹಾಕ್ತೀವಲ್ಲ, ಉಬ್ಬೋದು ಅದರಿಂದ ಅಲ್ವಾ?" ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಪೌಡರಿನಿಂದ ಬರುವ ಅನಿಲ ತಾನಾಗಿ ಹೊಸ ಗುಳ್ಳೆ ಕಟ್ಟುವುದಿಲ್ಲ. ಮಿಕ್ಸರ್ ಮೊದಲೇ ಮಾಡಿಟ್ಟ ಗುಳ್ಳೆಗಳಿಗೆ ಸೇರಿಕೊಂಡು ಅವನ್ನು ದೊಡ್ಡದು ಮಾಡುತ್ತದೆ. ಓವನ್ನಿನ ಬಿಸಿಗೆ ಗಾಳಿ ಹಿಗ್ಗುತ್ತದೆ, ನೀರಿನ ಹಬೆಯೂ ಅದೇ ಗುಳ್ಳೆಯೊಳಗೆ ನುಗ್ಗುತ್ತದೆ. ಅಷ್ಟರಲ್ಲಿ ಮೊಟ್ಟೆ, ಮೈದಾ ಗಟ್ಟಿಯಾಗಿ ಗುಳ್ಳೆಯ ಗೋಡೆ ನಿಲ್ಲುತ್ತದೆ. ಗುಳ್ಳೆಯೇ ಇಲ್ಲದ ಹಿಟ್ಟಿಗೆ ಪೌಡರ್ ಜಾಸ್ತಿ ಹಾಕುವುದು, ಸಸಿ ನೆಡದ ಗುಂಡಿಗೆ ಗೊಬ್ಬರ ಹಾಕಿದ ಹಾಗೆ. ಇರುವ ನಾಲ್ಕು ಗುಳ್ಳೆಗಳೇ ಅಡಿಕೆ ಗಾತ್ರಕ್ಕೆ ಬೆಳೆದು ಒಡೆಯುತ್ತವೆ, ಕೇಕಿನ ನಡು ಕುಸಿಯುತ್ತದೆ.

ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಬರ್ಡ್ ಅನ್ನುವವರು ಬೇಕಿಂಗ್ ಪೌಡರ್ ಮಾಡಿದ್ದು 1843ರಲ್ಲಿ. ಹೆಂಡತಿಗೆ ಯೀಸ್ಟ್ ಆಗಿಬರುತ್ತಿರಲಿಲ್ಲ, ಅದಕ್ಕಾಗಿ. ಅದಕ್ಕೂ ಹಿಂದೆಯೇ ಪೌಂಡ್ ಕೇಕ್ ಇತ್ತು: ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟು ಒಂದೊಂದು ಪೌಂಡ್, ಅಂದರೆ ತಲಾ ಸುಮಾರು 454 ಗ್ರಾಂ. ಪೌಡರೂ ಇಲ್ಲ, ಸೋಡಾವೂ ಇಲ್ಲ. ಅದನ್ನು ಉಬ್ಬಿಸುತ್ತಿದ್ದದ್ದು ರಟ್ಟೆಯ ಬಲ. ಕೈ ಸೋಲುವಷ್ಟು ಹೊತ್ತು ಬಡಿಯಬೇಕಿತ್ತು. ನಾಲ್ಕು ನಿಮಿಷದಲ್ಲಿ ಮುಗಿಯುವ ಈಗಿನ ಕೆಲಸದ ಬೆಲೆ ಗೊತ್ತಾಗಬೇಕಾದರೆ ಒಂದು ಸಲ ಮರದ ಸೌಟಿನಲ್ಲಿ ಮಾಡಿ ನೋಡಿ. ನಾನು ಮಾಡಿದ್ದೇನೆ, ಎರಡನೇ ಸಲ ಮಾಡುವುದಿಲ್ಲ.

ಬೆಣ್ಣೆ ಹದವಾಗಿ ಗಾಳಿ ಹಿಡಿಯುವುದು 18ರಿಂದ 20 ಡಿಗ್ರಿ ಆಸುಪಾಸಿನಲ್ಲಿ. ಇಂಗ್ಲಿಷ್ ಪಾಕವಿಧಾನಗಳಲ್ಲಿ "ರೂಮ್ ಟೆಂಪರೇಚರ್" ಅಂತ ಬರೆದಿರುವುದು ಅವರ ಮನೆಯ ರೂಮಿನ ಲೆಕ್ಕ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು 35 ಡಿಗ್ರಿ ದಾಟುತ್ತದೆ. ಆಗ ಹೊರಗಿಟ್ಟ ಬೆಣ್ಣೆ ಎಣ್ಣೆಯಾಗುತ್ತದೆ, ಎಣ್ಣೆಯಲ್ಲಿ ಗುಳ್ಳೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷಕ್ಕೇ ಶುರುಮಾಡುತ್ತೇನೆ. ಕೋಲಿನ ತಿಕ್ಕಾಟದಿಂದಲೂ ಬಿಸಿ ಏರುತ್ತದೆ, ಬೆಣ್ಣೆ ಹೊಳೆಯಲು ಶುರುವಾದರೆ ಪಾತ್ರೆಯನ್ನು ತಣ್ಣೀರಿನ ಬೇಸನ್ನಿನಲ್ಲಿ ಇಡುತ್ತೇನೆ. ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ತದ್ವಿರುದ್ಧ. ಬೆಣ್ಣೆ ಕಲ್ಲಿನ ಹಾಗಿರುತ್ತದೆ, ಒಲೆ ಹತ್ತಿರ ಇಟ್ಟು ಕಾಯಬೇಕು. ಥರ್ಮಾಮೀಟರ್ ಬೇಡ. ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಿಡ್ಡಾಗಬಾರದು. ಅದೇ ಹದ.

ಮನೆಯಲ್ಲಿ ಕಡೆದ ಬೆಣ್ಣೆ ಬಳಸಬಹುದಾ? ಬಳಸಬಹುದು, ಆದರೆ ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು 80% ಅಂತ ಲೆಕ್ಕ ಇರುತ್ತದೆ, ಮನೆ ಬೆಣ್ಣೆಗೆ ಅಂಥ ಲೆಕ್ಕವಿಲ್ಲ. ತಣ್ಣೀರಿನಲ್ಲಿ ಎರಡು ಸಲ ತೊಳೆದು, ಚೆನ್ನಾಗಿ ಒತ್ತಿ ನೀರು ತೆಗೆದು ಬಳಸಿ. ಹುಳಿ ವಾಸನೆ ಬಂದಿದ್ದರೆ ತುಪ್ಪಕ್ಕೆ ಹಾಕುವುದೇ ಮೇಲು. ತುಪ್ಪವೂ ಗಟ್ಟಿಯಾಗಿದ್ದಾಗ ಗಾಳಿ ಹಿಡಿಯುತ್ತದೆ. ಹರಳುಗಟ್ಟಿದ ತುಪ್ಪ, ಸಕ್ಕರೆ ಸೇರಿಸಿ ಬೆಳ್ಳಗಾಗುವ ತನಕ ಮಿಕ್ಸರ್ ಓಡಿಸಿದರೆ ನಾನ್‌ಕಟಾಯಿ ಬಾಯಲ್ಲಿಟ್ಟರೆ ಕರಗುತ್ತದೆ.

ಮಲೆನಾಡಿನವರು ಖಂಡಿತ ಕೇಳುವ ಇನ್ನೊಂದು ಪ್ರಶ್ನೆ ಜೋನಿ ಬೆಲ್ಲದ್ದು. ಸಕ್ಕರೆ ಬದಲು ಅದನ್ನು ಹಾಕಿ ಬೆಣ್ಣೆ ಜೊತೆ ಎಷ್ಟು ಕಡೆದರೂ ಬೆಳ್ಳಗಾಗುವುದಿಲ್ಲ. ದ್ರವ ಬೆಲ್ಲದಲ್ಲಿ ಬೆಣ್ಣೆ ಗೀರುವ ಚೂಪು ಹರಳಿಲ್ಲ, ಮೇಲಿಂದ ನೀರಿದೆ. ಜೋನಿ ಬೆಲ್ಲದ ಕೇಕಿಗೆ ದಾರಿ ಬೇರೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ, ಮೊಸರು ಸೇರಿದರೆ ಇನ್ನೂ ಒಳ್ಳೆಯದು. ಅಡುಗೆ ಸೋಡಾ ಆ ಹುಳಿಗೆ ತಾಗಿ ಅನಿಲ ಬಿಡುತ್ತದೆ, ಕೇಕು ಅದರಿಂದ ಉಬ್ಬುತ್ತದೆ. ಮೊಟ್ಟೆ ಹಾಕದ ಹೆಚ್ಚಿನ ಕೇಕುಗಳ ಕಥೆಯೂ ಇದೇ. ಮೊಸರು, ಸೋಡಾ, ಎಣ್ಣೆ ಹಾಕಿ ಮಾಡುವ ಕೇಕಿಗೆ ಈ ಯಂತ್ರ ಬೇಡವೇ ಬೇಡ. ಕೈಯಲ್ಲಿ ಬಡಿಯುವ ತಂತಿ ಕಲಕು (ವಿಸ್ಕ್) ಎಬ್ಬಿಸುವ ಗುಳ್ಳೆಗಳೇ ಸಾಕು. ಸೋಡಾ ಒದ್ದೆಯಾದ ಕ್ಷಣದಿಂದ ಅನಿಲ ಬಿಡಲು ಶುರುಮಾಡುತ್ತದೆ, ಮಿಕ್ಸರ್ ಹುಡುಕಿ ಪ್ಲಗ್ಗಿಗೆ ಹಾಕುವ ಹೊತ್ತಿನಲ್ಲಿ ಹಿಟ್ಟನ್ನು ಓವನ್ನಿಗೆ ಇಟ್ಟಿರಬೇಕು.

ಬೆಣ್ಣೆ ಹದಕ್ಕೆ ಬಂದ ಮೇಲೆ ಮೊಟ್ಟೆ. ಒಂದೊಂದಾಗಿಯೇ ಹಾಕಬೇಕು, ಫ್ರಿಜ್ಜಿನ ತಣ್ಣನೆ ಮೊಟ್ಟೆ ಬೇಡ. ತಣ್ಣನೆಯದು ಬಿದ್ದರೆ ಬೆಣ್ಣೆ ಗಟ್ಟಿಯಾಗಿ ಹಾಲು ಒಡೆದ ಹಾಗೆ ಕಾಣುತ್ತದೆ. ಒಡೆದರೆ ಒಂದು ಚಮಚ ಮೈದಾ ಹಾಕಿ ಕಲಸಿ, ಕೂಡಿಕೊಳ್ಳುತ್ತದೆ.

ಆಮೇಲೆ ಮೈದಾ. ನನ್ನ ಹಲಗೆ ಕೇಕಿನ ಕಾರಣ ಇಲ್ಲಿದೆ. ಮೈದಾದಲ್ಲಿರುವ ಪ್ರೋಟೀನುಗಳು ನೀರು ಸೇರಿ, ಮೇಲಿಂದ ತಿಕ್ಕಾಟವೂ ಸಿಕ್ಕಿದರೆ ಗ್ಲೂಟನ್ ಅನ್ನುವ ಜಿಗುಟು ಬಲೆಯಾಗುತ್ತವೆ. ಹೋಳಿಗೆಯ ಕಣಕವನ್ನು ಅಷ್ಟು ಹೊತ್ತು ನಾದಿ, ಎಣ್ಣೆ ಹಾಕಿ ನೆನೆಸುವುದು ಇದಕ್ಕೇ. ಹೂರಣದ ಸುತ್ತ ಹರಿಯದೆ ಎಳೆದಷ್ಟೂ ಬರಬೇಕು. ಕೇಕಿಗೆ ಆ ಎಳೆತ ಬೇಡ, ಮುರಿದರೆ ಪುಡಿಪುಡಿಯಾಗಿ ಬರಬೇಕು. ಐದನೇ ನಂಬರಿನಲ್ಲಿ ಆರೇಳು ನಿಮಿಷ ಓಡಿಸಿ ನಾನು ಆವತ್ತು ಮಾಡಿದ್ದು ಕಣಕ. ಮೇಲಾಗಿ ಬೆಣ್ಣೆಗೆ ಗಾಳಿ ಹಿಡಿಯುವ ಮೊದಲೇ ಹಾಲು, ಮೈದಾ ಸುರಿದಿದ್ದೆ. ಈಗ ಮೈದಾ ಬಿದ್ದ ಕೂಡಲೇ ಮಿಕ್ಸರ್ ತೆಗೆದಿಡುತ್ತೇನೆ. ಚಪ್ಪಟೆ ಸೌಟಿನಲ್ಲಿ ತಳದಿಂದ ಮೇಲಕ್ಕೆ ಮಗುಚುತ್ತಾ, ಬಿಳಿ ಹುಡಿ ಕಾಣದಾದ ಕೂಡಲೇ ನಿಲ್ಲಿಸುತ್ತೇನೆ. ಮಿಕ್ಸರೇ ಬೇಕೆಂದರೆ ಒಂದನೇ ನಂಬರು, ಅರ್ಧ ನಿಮಿಷ. ಅಲ್ಲೊಂದು ಇಲ್ಲೊಂದು ಸಣ್ಣ ಗಂಟು ಉಳಿದರೆ ಉಳಿಯಲಿ.

ಮೊಟ್ಟೆಯ ಬಿಳಿ ಮಾತ್ರ ಬೇರೆ ಆಟ. ಅದರಲ್ಲಿರುವುದು ಬಹುಪಾಲು ನೀರು, ಉಳಿದದ್ದು ನೂಲುಂಡೆಗಳ ಹಾಗೆ ಸುತ್ತಿಕೊಂಡ ಪ್ರೋಟೀನು. ಕೋಲು ಬಡಿದಾಗ ಉಂಡೆ ಬಿಚ್ಚಿ, ನೂಲುಗಳು ಒಂದಕ್ಕೊಂದು ಹೆಣೆದು, ಗುಳ್ಳೆಯ ಸುತ್ತ ಪರದೆ ಕಟ್ಟುತ್ತವೆ. ಸ್ವಲ್ಪವೇ ಜಿಡ್ಡಿದ್ದರೂ ಆ ಹೆಣಿಗೆ ಕೂಡುವುದಿಲ್ಲ. ಒಂದು ಹನಿ ಹಳದಿ ಬಿದ್ದರೂ ತೊಂದರೆಯೇ. ಪ್ಲಾಸ್ಟಿಕ್ ಬಟ್ಟಲು ತೊಳೆದಷ್ಟೂ ಜಿಡ್ಡು ಉಳಿಸಿಕೊಳ್ಳುತ್ತದೆ. ಒಗ್ಗರಣೆ ಹಾಕಿದ ಪಾತ್ರೆಯೂ ಬೇಡ. ಆಳವಾದ ಸ್ಟೀಲ್ ಪಾತ್ರೆಯನ್ನು ನಿಂಬೆಹೋಳಿನಿಂದ ಒರೆಸಿಕೊಂಡರೆ ಎರಡು ಕೆಲಸ: ಜಿಡ್ಡು ಹೋಗುತ್ತದೆ, ಉಳಿದ ಹುಳಿ ನೊರೆಗೆ ಬಲ ಕೊಡುತ್ತದೆ.

ಮೊದಲು ಸೋಪಿನ ನೊರೆಯ ಹಾಗೆ ದೊಡ್ಡ ಗುಳ್ಳೆ. ಆಮೇಲೆ ಗುಳ್ಳೆ ಸಣ್ಣದಾಗಿ ಬೆಳ್ಳಗಾಗುತ್ತದೆ. ಸಕ್ಕರೆಯನ್ನು ಈಗ ಚಮಚ ಚಮಚವಾಗಿ ಹಾಕಬೇಕು. ಮೊದಲೇ ಸುರಿದರೆ ನೊರೆ ಏಳುವುದು ತಡ. ಕೋಲು ಎತ್ತಿದಾಗ ತುದಿ ಬಾಗಿದರೆ ಅದು ಮೆದು ಹದ, ನೆಟ್ಟಗೆ ನಿಂತರೆ ಗಟ್ಟಿ ಹದ. ಪಾತ್ರೆ ಬೋರಲು ಹಾಕಿದರೂ ಬೀಳಬಾರದು ಅನ್ನುತ್ತಾರೆ. ಧೈರ್ಯ ಇದ್ದವರು ನೋಡಬಹುದು. ಮೊದಲಿದ್ದ ಬಿಳಿ ಆರೆಂಟು ಪಟ್ಟು ಹಿಗ್ಗಿರುತ್ತದೆ. ಇನ್ನೂ ಒಂದು ನಿಮಿಷ ಓಡಿಸಿದಿರೋ, ಹೆಣಿಗೆ ಅತಿ ಬಿಗಿಯಾಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಕೆಳಗಿಳಿಯುತ್ತದೆ. ಮೇಲೆ ತರಿತರಿ, ಕೆಳಗೆ ನೀರು. ಬರೀ ಬಿಳಿಯದು ಹಾಗಾದರೆ ಹೊಸ ಮೊಟ್ಟೆ ಒಡೆಯುವುದೇ ದಾರಿ.

ಹಳದಿ, ಬಿಳಿ ಎರಡೂ ಸೇರಿಸಿ ಸ್ಪಂಜು ಮಾಡುವಾಗ, ಮೊಟ್ಟೆ ಸಕ್ಕರೆ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಉಗುರುಬೆಚ್ಚಗೆ ಮಾಡಿಕೊಂಡರೆ ಬೇಗ ಏಳುತ್ತದೆ. ಇದಕ್ಕೆ ಎಂಟು ಹತ್ತು ನಿಮಿಷ ಬೇಕು. ಕೋಲಿನಿಂದ ಇಳಿಯುವ ಧಾರೆಯಲ್ಲಿ ಒಂದು ರಂಗೋಲಿ ಎಳೆ ಎಳೆದರೆ ಅದು ಕೆಲವು ಸೆಕೆಂಡು ಮೇಲೇ ನಿಲ್ಲಬೇಕು, ಆಮೇಲೆ ಮುಳುಗಬೇಕು. ಬೇಕರಿಯ ಹನಿ ಕೇಕಿನ ಹಾಗೆ ಸಿರಪ್ಪು ಕುಡಿಯುವ ಕೇಕು ಬೇಕಿದ್ದರೆ ಇಂಥ ಸ್ಪಂಜೇ ಸರಿ.

ಕ್ರೀಮಿನ ವಿಷಯದಲ್ಲಿ ಮೋಸ ಹೋಗುವುದು ಅಂಗಡಿಯಲ್ಲೇ. ಅಡುಗೆಗೆ ಬಳಸುವ ಫ್ರೆಶ್ ಕ್ರೀಮ್ ಪೊಟ್ಟಣದಲ್ಲಿ ಕೊಬ್ಬು ಸಾಮಾನ್ಯವಾಗಿ 25% ಆಸುಪಾಸು. ಗಟ್ಟಿಯಾಗಿ ನಿಲ್ಲಬೇಕಾದರೆ 30% ದಾಟಿರಬೇಕು, 35% ಇದ್ದರೆ ಇನ್ನೂ ಸರಿ. ಕ್ರೀಮ್, ಪಾತ್ರೆ, ಕೋಲು ಮೂರೂ ಫ್ರಿಜ್ಜಿನಲ್ಲಿ ತಣ್ಣಗಾಗಿರಬೇಕು. ಇಲ್ಲಿ ಗುಳ್ಳೆಗೆ ಕಾವಲು ನಿಲ್ಲುವುದು ಕೊಬ್ಬಿನ ಕಣಗಳು, ಅವು ಅರ್ಧಂಬರ್ಧ ಅಂಟಿಕೊಂಡು ಬೇಲಿ ಕಟ್ಟುತ್ತವೆ. ಹೆಚ್ಚು ಓಡಿಸಿದರೆ ಪೂರ್ತಿ ಅಂಟಿಕೊಂಡು ಮುದ್ದೆಯಾಗುತ್ತವೆ. ಮುದ್ದೆ ಅಂದರೆ ಬೆಣ್ಣೆ. ಕಡಗೋಲು ಬೇಕೆಂದೇ ಮಾಡುವುದನ್ನು ನಾವಿಲ್ಲಿ ತಪ್ಪಿ ಮಾಡುತ್ತೇವೆ, ಅಷ್ಟೇ ವ್ಯತ್ಯಾಸ.

ಡಬ್ಬದಲ್ಲಿ ಬರುವ ಸುರುಳಿ ಕೊಕ್ಕೆಗಳು ಹಿಟ್ಟು ನಾದಲು. ಮೆದುವಾದ ಬನ್ನಿನ ಹಿಟ್ಟು ಸ್ವಲ್ಪ ಇದ್ದರೆ ಆದೀತು. ಚಪಾತಿ ಹಿಟ್ಟಿಗೆ ಹಾಕಿದರೆ ಮೋಟಾರು ನರಳುತ್ತದೆ, ಸುಟ್ಟ ವಾಸನೆ ಬರುತ್ತದೆ. 250, 300 ವ್ಯಾಟಿನ ಮೋಟಾರಿನಿಂದ ಅದನ್ನು ಕೇಳುವುದೇ ತಪ್ಪು. ಒಂದೇ ಸಮ ಎಷ್ಟು ನಿಮಿಷ ಓಡಿಸಬಹುದು ಅಂತ ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಓದಿ. ಗಾಳಿ ಕಿಂಡಿಯನ್ನು ಕೈಯಿಂದ ಮುಚ್ಚಬೇಡಿ.

ನಮ್ಮ ಕಡೆ ಪಾಕವಿಧಾನದಲ್ಲಿ ಬರೆಯದ ಒಂದು ಸಾಮಗ್ರಿ ಇದೆ: ಕರೆಂಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಸುತ್ತಲಿನ ಊರುಗಳಲ್ಲಿ ಜುಲೈ ತಿಂಗಳು ತಂತಿಯ ಮೇಲೆ ಮರ ಬೀಳುವ ಕಾಲ. ಬೆಣ್ಣೆ ಸಕ್ಕರೆ ಕಡೆಯುವಾಗ ಕರೆಂಟ್ ಹೋದರೆ ಗಾಬರಿ ಬೇಡ, ಅದು ಒಂದು ಗಂಟೆ ಕಾಯುತ್ತದೆ. ಮೊಟ್ಟೆಯ ನೊರೆ ಕಾಯುವುದಿಲ್ಲ. ಅದಕ್ಕೆ ಮಳೆಗಾಲದಲ್ಲಿ ಪಕ್ಕದಲ್ಲೇ ಕೈಯಲ್ಲಿ ಬಡಿಯುವ ತಂತಿ ಕಲಕು ಇಟ್ಟುಕೊಂಡಿರುತ್ತೇನೆ. 300 ವ್ಯಾಟಿನ ಮಿಕ್ಸರ್ ಹತ್ತು ನಿಮಿಷ ಓಡಿದರೆ ಖರ್ಚಾಗುವುದು 0.05 ಯುನಿಟ್ ಅಷ್ಟೇ. ಮನೆಯ ಯುಪಿಎಸ್ಸಿಗೆ ಅದು ಹೊರೆಯಲ್ಲ, ಓವನ್ ಹೊರೆ. ಬೇಯಿಸುವುದಕ್ಕೆ ಗ್ಯಾಸಿನ ಮೇಲೆ ಉಪ್ಪು ಹಾಸಿದ ದಪ್ಪ ಬಾಣಲೆ ಇದ್ದೇ ಇದೆ. ಕೋಲುಗಳನ್ನು ತೊಳೆದ ಮೇಲೆ ಪೂರ್ತಿ ಒಣಗಿಸಿಡಿ, ನಮ್ಮ ಥಂಡಿಗೆ ತುಕ್ಕು ಹಿಡಿಯಲು ವಾರ ಬೇಡ. ಕೋಲು ತೆಗೆಯುವ ಮೊದಲು ಪ್ಲಗ್ ಕೀಳಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಹೇಳುತ್ತಿದ್ದೇನೆ.

ಮೊನ್ನೆ ಊರಿಗೆ ಹೋದಾಗ ಮಿಕ್ಸರ್ ಒಯ್ದಿದ್ದೆ. ಅತ್ತೆ ಒಂದು ವಾರದ ಕೆನೆ ಮೊಸರು ತುಂಬಿದ ಪಾತ್ರೆ ತಂದಿಟ್ಟು, "ನಿನ್ ಯಂತ್ರ ಕೊಡು ನೋಡಣ" ಅಂದರು. ಪಾತ್ರೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿಕೊಂಡು, ಒಂದನೇ ನಂಬರಿನಲ್ಲಿ ಶುರುಮಾಡಿ, ಎರಡಕ್ಕೆ ಹೋದರು. ಸದ್ದು ಬದಲಾಯಿತು. ನನಗೆ ಕೇಳಿಸುವ ಮೊದಲೇ ಅವರಿಗೆ ಕೇಳಿಸಿತ್ತು. ಟಕ್ಕನೆ ನಿಲ್ಲಿಸಿದರು. ಕೋಲುಗಳ ಸುತ್ತ ಬೆಣ್ಣೆ ಎದ್ದು ನಿಂತಿತ್ತು. ಮಜ್ಜಿಗೆಯ ನಾಲ್ಕು ಹನಿ ಅವರ ಕನ್ನಡಕದ ಮೇಲೆ.